ಒಂಟಿ ಗಂಟು

ಸಾಂಖಳಿಯಲ್ಲಿ, ವಾಳವಂಟಿ ಹೊಳೆಗೆ ಹತ್ತಿರದ ಒಂದು ಮನೆಯ ಪಡಸಾಲೆ. ಮಾತಾಡುವವರಲ್ಲಿ ಒಬ್ಬರು ಧಾರವಾಡದವರು. ದಂತ ವೈದ್ಯಕೀಯ ಕಾಲೇಜಿನಲ್ಲಿ ಬಾಯಿ ರೋಗಗಳ ಪೆಥಾಲಜಿ ಕಲಿಸಿ ನಿವೃತ್ತರಾಗಿ, ಈಗ ಮಗಳ ಮನೆಯಲ್ಲಿದ್ದಾರೆ. ಇನ್ನೊಬ್ಬ ಇಂಡಿ ತಾಲ್ಲೂಕಿನವನು. ಅದಿರಿನ ಲಾರಿ ಓಡಿಸಲು ಗೋವಾಕ್ಕೆ ಬಂದು, 2012ರಲ್ಲಿ ಗಣಿ ನಿಂತ ಮೇಲೂ ಊರಿಗೆ ಹೋಗದೆ ಇಲ್ಲೇ ಗ್ಯಾರೇಜು ಇಟ್ಟುಕೊಂಡವನು. ಅವನ ಕೈಯಲ್ಲಿ ಅತ್ತಿಗೆಯ ಬಯಾಪ್ಸಿ ವರದಿ ಇದೆ.

— ಡಾಕ್ಟರಬಾಯಾರ, ಇದನ್ನೊಂದು ನೋಡ್ರಿ. ನಮ್ಮ ವೈನಿದು. ಎಲ್ಲಾ ಇಂಗ್ಲೀಷಿನ್ಯಾಗ ಐತಿ. ಕ್ಯಾನ್ಸರ್ ಅನ್ನೂ ಶಬ್ದ ಮಾತ್ರ ಎಲ್ಲೂ ಕಾಣವಲ್ದು. ಹಂಗಂದ್ರ ಪಾರಾದ್ವಿ ಅಂತ ತಿಳಕೊಳ್ಳೂಣೇನ್ರಿ?

— ಕೂಡು ಮೊದಲ. ಆ ಶಬ್ದ ಇಲ್ಲ ಖರೆ. "ಪ್ಲಾಸ್ಮಾ ಸೆಲ್ ನಿಯೋಪ್ಲಾಸಮ್" ಅಂತ ಬರದಾರ. ಕ್ಯಾನ್ಸರಿನ ಬಳಗದ್ದ ಅದು. ಆದ್ರ ನೀ ಅಂಜಿದಂಥಾ ಬಾಯಿ ಕ್ಯಾನ್ಸರ್ ಅಲ್ಲ, ಇದರ ದಾರಿನ ಬ್ಯಾರೆ. ಹೆಂಗ ಸುರು ಆತು, ಮೊದಲಿಂದ ಹೇಳು.

— ದೀಪಾವಳಿ ಹೊತ್ತಿಗೆ ಕೆಳಗಿನ ದವಡಿದು ಹಿಂದಿನ ಹಲ್ಲು ಅಳ್ಳಾಡಾಕ ಹತ್ತಿತ್ರಿ. ಬ್ಯಾನಿ ಭಾಳ ಇರ್ಲಿಲ್ಲ. ಊರ ಕಡೆ ಒಬ್ಬರಿಗೆ ತೋರಿಸಿದ್ವಿ, ಕಿತ್ತು ಕಳಿಸಿದ್ರು. ಆ ಕುಣಿ ಮಾಯಲೇ ಇಲ್ಲ. ತಿಂಗಳಾದ ಮ್ಯಾಲೆ ಅದರಾಗಿಂದ ಕೆಂಪನ ಮಾಂಸ ಎದ್ದು ಬಂತು. ಬೇರು ಉಳದೈತಿ ಅಂತ ಕೆರದು ತಗದ್ರು, ಬಾಜೂ ಹಲ್ಲನ್ನೂ ಕಿತ್ತಿದ್ರು. ಆವತ್ತ ರಕ್ತ ನಿಲ್ಲಾಕ ಅರ್ಧ ದಿನಾ ಹಿಡೀತು. ಮುಂದ ತುಟಿ ಒಂದ ಕಡೆ ಜೋಮು ಹಿಡದಂಗ ಆಗೇತಿ ಅನ್ನಾಕ ಹತ್ತಿದ್ರು. ಚಹಾ ಸೋರಿ ಗದ್ದಕ್ಕ ಇಳದ್ರೂ ಅವರಿಗೆ ಗೊತ್ತಾಗವಲ್ದು. ಆಗ ನಾನ ಇಲ್ಲಿಗೆ ಕರಕೊಂಡು ಬಂದು ಬಾಂಬೋಳಿ ಮೆಡಿಕಲ್ ಕಾಲೇಜಿಗೆ ತೋರಿಸಿದೆ.

— ಕೆರದು ತಗದ ಮಾಂಸ ಏನ ಮಾಡಿದ್ರು?

— ಏನ ಮಾಡ್ತಾರ್ರಿ? ಡಬ್ಬಿಗೆ ಹಾಕಿರಬೇಕು.

— ಅಲ್ಲೇ ನೋಡು ನನಗ ಸಿಟ್ಟು ಬರೋದು. ಮೂವತ್ತು ವರ್ಷ ಹುಡುಗರಿಗೆ ಅದೊಂದು ಮಾತ ಹೇಳ್ಕೋತ ಬಂದೀನಿ. ಬಾಯಿಂದ ತಗದದ್ದು ಎಷ್ಟ ಸಣ್ಣದಿರ್ಲಿ, ನಿಮಗ ಎಷ್ಟ ಖಾತ್ರಿ ಇರ್ಲಿ, ಫಾರ್ಮಲಿನ್ ಬಾಟ್ಲಿಗೆ ಹಾಕ್ರಿ, ಪೆಥಾಲಜಿಗೆ ಕಳಸ್ರಿ. ನೂರರಾಗ ತೊಂಬತ್ತೈದು ಸಲ ಬರೇ ಕೀವು-ಬಾವು ಅಂತನ ವರದಿ ಬರ್ತದ. ಬರ್ಲಿ. ಹಲ್ಲು ಕಿತ್ತ ಡಾಕ್ಟರನ್ನ ನಾ ಬಯ್ಯೋದಿಲ್ಲ. ಅಳ್ಳಾಡೋ ಹಲ್ಲು ನೋಡಿ ಯಾರೂ ಪ್ಲಾಸ್ಮಾ ಕಣದ ಗಂಟು ನೆನಸಿಕೊಳ್ಳೋದಿಲ್ಲ, ಅಷ್ಟ ಅಪರೂಪ ಇದು. ಆದ್ರ ಮಾಯದ ಕುಣಿಯಿಂದ ಮಾಂಸ ಎದ್ದ ಮ್ಯಾಲೂ ಇನ್ನೊಂದು ಹಲ್ಲು ಕಿತ್ತದ್ದು ತಪ್ಪು. ನಿಲ್ಲದ ರಕ್ತ, ಜೋಮು ಹಿಡದ ತುಟಿ, ಇವು ಬಂದ ಮ್ಯಾಲಂತೂ ಕೀಳೋ ಮಾತ ಇಲ್ಲ.

— ತುಟಿ ಜೋಮಿಗೂ ಹಲ್ಲಿಗೂ ಏನ್ರಿ ಸಂಬಂಧ?

— ಕೆಳಗಿನ ದವಡಿ ಎಲುಬಿನೊಳಗ ಒಂದು ಸುರಂಗ ಅದ. ಅದರೊಳಗ ಹಾದು ಬರೋ ನರ, ಗದ್ದದ ಬಾಜೂಕ ಸಣ್ಣ ತೂತಿನಿಂದ ಹೊರಗ ಬಂದು ತುಟಿಗೆ ಹರಡ್ತದ. ಎಲುಬಿನೊಳಗ ಏನರೆ ಬೆಳದು ಆ ನರಾ ಒತ್ತಿದ್ರ ತುಟಿ ಸತ್ತಂಗ ಆಗ್ತದ. ಪೆಟ್ಟಿಲ್ಲ, ಇಂಜೆಕ್ಷನ್ ಇಲ್ಲ, ಆದ್ರೂ ತುಟಿ ಜೋಮು ಹಿಡದದ ಅಂದ್ರ ಮೊದಲ ಎಕ್ಸರೇ ತಗೀಬೇಕು. ಬಾಂಬೋಳಿಯೊಳಗ ಇಡೀ ದವಡಿದು ಒಂದ ಫೋಟೋ ತಗದಿರಬೇಕಲ್ಲ? ಹಾಂ, ಇದ. ನೋಡು, ಇಲ್ಲಿ ಎಲುಬು ಕರ್ರಗ ತೂತು ಬಿದ್ದಂಗ ಕಾಣ್ತದ. ಅಂಚಿಗೆ ಬಿಳಿ ಗೆರಿ ಇಲ್ಲ. ಸಾವಕಾಶ ಬೆಳಿಯೋ ಗುಳ್ಳಿ ಇದ್ರ ಸುತ್ತ ಬಿಳಿ ಗೆರಿ ಕಟ್ಟತದ. ಇದು ಎಲುಬನ್ನ ತಿಂದ್ಕೋತ ಹೋಗೇದ.

— ಓಣಿ ಮಂದಿ ಎಲ್ಲಾ ಮಿಶ್ರಿ ಹಚ್ಚಿದ್ದಕ್ಕ ಆತು ಅಂತಾರ್ರಿ. ನಮ್ಮಣ್ಣನೂ ಅದನ್ನ ಹಿಡಕೊಂಡು ಬಯ್ದಾನ. ಅವರು ಮುಂಜಾನೆ ಎದ್ದು ಹಲ್ಲಿಗೆ ಮಿಶ್ರಿ ತಿಕ್ಕೂದು ಖರೇನ.

— ನಿಮ್ಮಣ್ಣಗ ಬಾಯಿ ಮುಚ್ಚಿಕೊಂಡಿರು ಅಂತ ಹೇಳು. ಸುಟ್ಟ ತಂಬಾಕು ಅದು, ಬಿಡಲೇಬೇಕು, ಗಲ್ಲದ ಕ್ಯಾನ್ಸರಿಗೆ ಅದ ದಾರಿ. ಆದ್ರ ಆಕಿಗೆ ಬಂದ ಈ ರೋಗ ತಂಬಾಕಿನಿಂದ ಬಂತು ಅಂತ ಯಾವ ಪುಸ್ತಕದಾಗೂ ಇಲ್ಲ. ಗುಟಕಾ ತಿಂದವರಿಗೆ ಬರೋದು ಬಾಯಿ ಒಳಗಿನ ಚರ್ಮದ ಕ್ಯಾನ್ಸರ್. ಇದು ಹುಟ್ಟೋದು ರಕ್ತದ ಬಿಳಿ ಕಣದಿಂದ. ಆ ಕಣಕ್ಕ ಬಾಯಿ ಅಂದ್ರ ತಂಗಿದ ಜಾಗ ಅಷ್ಟ.

— ಅದರ ಕೆಲಸ ಏನ್ರಿ, ಆ ಪ್ಲಾಸ್ಮಾ ಕಣದ್ದು?

— ನಿನಗ ಸಣ್ಣಂದಿರತ ದಡಾರ ಬಂದಿತ್ತಂದ್ರ, ಈಗೂ ನಿನ್ನ ರಕ್ತದಾಗ ಅದರ ವಿರುದ್ಧ ಪ್ರತಿಕಾಯ ಇರ್ತಾವ. ಅವನ್ನ ತಯಾರ ಮಾಡೋದು ಎಲುಬಿನ ಮಜ್ಜಿಯೊಳಗ ಕೂತ ಪ್ಲಾಸ್ಮಾ ಕಣಗಳು. ಒಂದ ಕಣ ಒಂದ ನಮೂನಿ ಪ್ರತಿಕಾಯ ಮಾತ್ರ ಮಾಡ್ತದ, ಸಾಯೋ ತನಕ ಅದನ್ನ. ಪ್ರತಿಯೊಂದು ಪ್ರತಿಕಾಯಕ್ಕ ಎರಡು ಭಾರೀ ಸರಪಳಿ, ಎರಡು ಹಗುರ ಸರಪಳಿ. ಹಗುರ ಸರಪಳಿಯೊಳಗ ಎರಡ ಜಾತಿ, ಕಪ್ಪಾ ಮತ್ತು ಲ್ಯಾಮ್ಡಾ. ಆರೋಗ್ಯವಂತರೊಳಗ ಕಪ್ಪಾ ಎರಡು ಪಾಲು, ಲ್ಯಾಮ್ಡಾ ಒಂದು ಪಾಲು, ಹೆಚ್ಚೂ ಕಡಿಮಿ. ಈ ಎರಡು ಹೆಸರು ನೆನಪಿಟ್ಟುಕೋ, ನಿನ್ನ ವರದಿ ನಿಂತಿರೋದು ಇದರ ಮ್ಯಾಲೆ.

— ವರದಿಯೊಳಗ ಕಡೀಕ "ಐಹೆಚ್‌ಸಿ ಮಾಡಿಸಿ" ಅಂತ ಬರದಾರ್ರಿ. ಅದ ಏನು?

— ಅದನ್ನ ಹೇಳ್ಲಿಕ್ಕೆ ಬಂದೆ. ಪ್ಲಾಸ್ಮಾ ಕಣ ಬಾಯಿಯೊಳಗ ಕಾಣೋದೇನೂ ಸೋಜಿಗ ಅಲ್ಲ. ಹಲ್ಲಿನ ಬೇರಿನ ಬುಡಕ್ಕ ಹಳೇ ಕೀವು ಇದ್ರ ಅಲ್ಲಿ ಪ್ಲಾಸ್ಮಾ ಕಣಗಳ ಸಂತೀನ ನೆರದಿರ್ತದ. ಕೆಲವರಿಗೆ ಹಲ್ಲುಪುಡಿ, ಪೇಸ್ಟು, ಚೂಯಿಂಗ್ ಗಮ್ಮಿನೊಳಗಿನ ದಾಲ್ಚಿನ್ನಿ, ಪುದೀನಾ ಒಗ್ಗದ ವಸಡು ಕೆಂಡದಂಗ ಕೆಂಪಾಗ್ತದ. ಅದನ್ನ ಕೊಯ್ದು ನೋಡಿದ್ರೂ ಬರೇ ಪ್ಲಾಸ್ಮಾ ಕಣ. ಪೇಸ್ಟು ಬದಲಿಸಿದ್ರ ವಾಸಿ ಆಗೋ ರೋಗ ಅದು! ಹಂಗಾಗಿ ಸೂಕ್ಷ್ಮದರ್ಶಕದಾಗ ಕಣದ ಗುರ್ತು ಹಿಡದ್ರ ಅರ್ಧ ಕೆಲಸಾನೂ ಆಗಿಲ್ಲ. ಇವು ಹತ್ತೂರಿಂದ ಬಂದವೋ, ಒಂದ ಮನಿಯವೋ ಅನ್ನೋದು ಗೊತ್ತಾಗಬೇಕು. ಜಾತ್ರಿಗೆ ಬಂದ ಮಂದಿ ಹತ್ತೂರವರು ಇರ್ತಾರ. ಎಲ್ಲಾರೂ ಒಂದ ಊರವರು, ಒಂದ ಥರದ ಅಂಗಿ ಹಾಕ್ಯಾರ ಅಂದ್ರ ಅದು ಜಾತ್ರಿ ಅಲ್ಲ, ದಂಡು. ಐಹೆಚ್‌ಸಿ ಅಂದ್ರ ಆ ಅಂಗಿ ಬಣ್ಣ ನೋಡೋದು. ಮೇಣದಾಗ ಇಟ್ಟ ಮಾಂಸದ ಅಚ್ಚಿನಿಂದ ತೆಳ್ಳಗ ಪದರ ಕತ್ತರಿಸಿ, ಒಂದಕ್ಕ ಕಪ್ಪಾ ಬಣ್ಣ, ಇನ್ನೊಂದಕ್ಕ ಲ್ಯಾಮ್ಡಾ ಬಣ್ಣ ಹಾಕ್ತಾರ. ಎರಡೂ ಹತ್ತಿದ್ರ ಬಾವು. ಒಂದ ಹತ್ತಿ ಇನ್ನೊಂದು ಹತ್ತಲಿಲ್ಲಂದ್ರ ಎಲ್ಲಾ ಕಣ ಒಂದ ತಾಯಿ ಕಣದ ಮರಿಗಳು, ಅಂದ್ರ ಗಡ್ಡಿ. ಜೊತಿಗೆ ಸಿಡಿ-138 ಅನ್ನೋ ಬಣ್ಣ, ಇದು ಪ್ಲಾಸ್ಮಾ ಕಣನ ಹೌದು ಅಂತ ಖಾತ್ರಿ ಮಾಡ್ಲಿಕ್ಕೆ.

— ಇನ್ನೊಂದು ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವರು ಎಚ್‌ಐವಿ ಟೆಸ್ಟ್ ಮಾಡಸ್ರಿ ಅಂತನೂ ಅಂದ್ರು. ನಮ್ಮ ವೈನಿ ಅಂಥಾವರಲ್ರಿ. ನಾ ಅಲ್ಲೇ ಜಗಳಾ ತಗದು ಬಂದೆ.

— ಜಗಳಾ ತಗದದ್ದು ನಿನ್ನ ದಡ್ಡತನ. ಅಂಥಾವರು ಇಂಥಾವರು ಅಂತ ಅವರ್ಯಾರು ಅಂದ್ರು? ಎಚ್‌ಐವಿ ಇದ್ದವರ ಬಾಯಿಯೊಳಗ ಒಂದು ಲಿಂಫೋಮಾ ಬರ್ತದ, ಪ್ಲಾಸ್ಮಾಬ್ಲಾಸ್ಟಿಕ್ ಲಿಂಫೋಮಾ ಅಂತ. 1997ರಾಗ ಅದನ್ನ ಮೊದಲ ಸಲಾ ವಿವರಿಸಿದ್ದ ಬಾಯಿಯೊಳಗಿನ ಗಡ್ಡಿ ನೋಡಿ. ಅದರ ಕಣಗಳಿಗೂ ಸಿಡಿ-138 ಬಣ್ಣ ಹತ್ತತದ. ಸೂಕ್ಷ್ಮದರ್ಶಕದಾಗ ಎರಡೂ ಅಕ್ಕ-ತಂಗಿ ಇದ್ದಂಗ ಇರ್ತಾವ. ಆದ್ರ ಅದು ಬಿರುಸು, ಕೀಮೋ ಬೇಕೇ ಬೇಕು. ಇದಕ್ಕ ಬರೇ ರೇಡಿಯೇಶನ್ ಸಾಕಾಗಬಹುದು. ಒಂದಕ್ಕ ಕೊಡೋ ಚಿಕಿತ್ಸಾ ಇನ್ನೊಂದಕ್ಕ ಕೊಟ್ರ ಹೆಂಗಾಗಬ್ಯಾಡ? ಎಪ್ಸ್ಟೀನ್-ಬಾರ್ ಅನ್ನೋ ವೈರಸ್ಸಿನ ಗುರ್ತು ಗಡ್ಡಿಯೊಳಗ ಅದನೋ ಇಲ್ಲೋ ಅನ್ನೋದನ್ನೂ ನೋಡ್ತಾರ, ಲಿಂಫೋಮಾದಾಗ ಅದು ಹೆಚ್ಚಾಗಿ ಇರ್ತದ. ಆಕಿ ಒಪ್ಪಿಗಿ ಇಲ್ದ ಯಾರೂ ಎಚ್‌ಐವಿ ಟೆಸ್ಟ್ ಮಾಡೋ ಹಂಗಿಲ್ಲ, ವರದಿ ಗುಟ್ಟಾಗಿ ಇಡಬೇಕು. 2017ರ ಕಾಯ್ದೆನ ಅದ ಅದಕ್ಕ. ಕೇಳಬೇಕಾದ್ದು ಆಕೀನ್ನ, ನಿನ್ನಲ್ಲ.

— ಆತ್ರಿ. ಮಾಡಸ್ತೀವಿ. ಬಣ್ಣ ಹಾಕಿ, ಒಂದ ಮನಿಯವು ಅಂತ ಬಂದ್ರ ಮುಂದ ಸೀದಾ ರೇಡಿಯೇಶನ್ನೇನ್ರಿ?

— ಇಲ್ಲ. ಮಂದಿ ಎಡವೋದು ಇಲ್ಲೇ. ಗಂಟು ಏನು ಅಂತ ಗೊತ್ತಾತು. ಒಂಟಿ ಹೌದೋ ಅಲ್ಲೋ ಅಂತ ಇನ್ನೂ ಗೊತ್ತಾಗಿಲ್ಲ. ದವಡಿಯೊಳಗ ಒಂದ ಗಂಟು ಇದ್ದು ಉಳಿದ ಮೈಯೆಲ್ಲಾ ಸ್ವಚ್ಛ ಇದ್ರ ಅದಕ್ಕ ಸಾಲಿಟರಿ ಪ್ಲಾಸ್ಮಾಸೈಟೋಮಾ ಅಂತಾರ. ಮಜ್ಜಿ ತುಂಬ ಇದ ಕಣ ಹರಡಿ, ದವಡಿಯೊಳಗ ಒಂದು ಇಣಿಕಿ ನೋಡಿದ್ರ ಅದು ಮಲ್ಟಿಪಲ್ ಮಯಲೋಮಾ. ಮೊದಲನೇದನ್ನ ಪೂರಾ ವಾಸಿ ಮಾಡ್ಲಿಕ್ಕೆ ನೋಡ್ತಾರ. ಎರಡನೇದನ್ನ ವರ್ಷಾನುಗಟ್ಟಲೆ ಹಿಡತದಾಗ ಇಡ್ಲಿಕ್ಕೆ ನೋಡ್ತಾರ. ಬಾಯಿಯೊಳಗಿನ ತುಂಡು ಮಾತ್ರ ನೋಡಿದ್ರ ಎರಡೂ ಒಂದ, ಎಂಥಾ ಪೆಥಾಲಜಿಸ್ಟ್ ಇದ್ರೂ ಬ್ಯಾರೆ ಮಾಡಿ ಹೇಳ್ಲಿಕ್ಕೆ ಬರೋದಿಲ್ಲ. ಹಲ್ಲಿನ ಡಾಕ್ಟರ್ ತಗದ ತುಂಡಿಗೆ ಉತ್ತರ ಸೊಂಟದ ಎಲುಬಿನೊಳಗ, ಮೂತ್ರದೊಳಗ ಹುಡಕಬೇಕಾಗ್ತದ.

— ಮೂತ್ರದಾಗ? ದವಡಿ ರೋಗಕ್ಕ?

— ನಗಬ್ಯಾಡ. ಈ ರೋಗದ ಮೊದಲ ಸುಳುವು ಸಿಕ್ಕಿದ್ದ ಅಲ್ಲಿ. 1845ರಾಗ ಲಂಡನ್ನಿನ ಒಬ್ಬ ಕಿರಾಣಿ ವ್ಯಾಪಾರಸ್ಥ ಎಲುಬು ನೋವಿನಿಂದ ಹಾಸಗಿ ಹಿಡದಿದ್ದ. ಅವನ್ನ ನೋಡೋ ಡಾಕ್ಟರ್‌ಗಳು ಮೂತ್ರದ ಗುಣಾ ನೋಡಿ ದಂಗಾಗಿ, ಹೆನ್ರಿ ಬೆನ್ಸ್ ಜೋನ್ಸ್ ಅನ್ನೋ ರಸಾಯನಶಾಸ್ತ್ರ ಬಲ್ಲ ವೈದ್ಯಗ ಕಳಿಸಿಕೊಟ್ರು. ಅದರೊಳಗೊಂದು ಪ್ರೋಟೀನು, ಬೆಚ್ಚಗ ಮಾಡಿದ್ರ ಗಟ್ಟಿ ಆಗೋದು, ಕುದಿಸಿದ್ರ ಕರಗೋದು, ಆರಿಸಿದ್ರ ಮತ್ತ ಗಟ್ಟಿ. ತತ್ತಿ ಕುದಿಸಿದ್ರ ಎಂದರೆ ಕರಗ್ತದೇನು? ಆ ಮನಶ್ಯಾ 1846ರ ಜನವರಿ ಒಂದಕ್ಕ ತೀರಿಕೊಂಡ. ಮರಣೋತ್ತರ ನೋಡಿದಾಗ ಪಕ್ಕೆಲುಬು ಮೆತ್ತಗಾಗಿ ಚಾಕುವಿನಿಂದ ಸಲೀಸಾಗಿ ಕೊಯ್ಯೋ ಹಂಗ ಇದ್ವು. ಆ ಪ್ರೋಟೀನಿಗೆ ಬೆನ್ಸ್ ಜೋನ್ಸ್ ಹೆಸರ ಉಳೀತು. ಅದು ಎಲ್ಲಿಂದ ಬರ್ತದ ಅನ್ನೋದು ಮಾತ್ರ 1962ರ ತನಕ ಖಾತ್ರಿ ಆಗಲಿಲ್ಲ. ಜೆರಾಲ್ಡ್ ಎಡೆಲ್‌ಮನ್ ಮತ್ತು ಜೋಸೆಫ್ ಗ್ಯಾಲಿ ತೋರಿಸಿದ್ರು, ಅದು ಪ್ರತಿಕಾಯದ ಹಗುರ ಸರಪಳಿ ಅಂತ. ನಾ ಈಗ ಹೇಳಿದ ಕಪ್ಪಾ-ಲ್ಯಾಮ್ಡಾನ ಅದು. ಕೆಟ್ಟ ಕಣ ಅಳತಿ ಮೀರಿ ತಯಾರ ಮಾಡಿದ್ದು ಮೂತ್ರಪಿಂಡದಾಗ ಸೋರಿ ಹೋಗ್ತಿತ್ತು. ಎಡೆಲ್‌ಮನ್ನಗ ಪ್ರತಿಕಾಯದ ರಚನಾ ಬಿಡಿಸಿದ್ದಕ್ಕ 1972ರಾಗ ನೊಬೆಲ್ ಬಂತು. ಕಿರಾಣಿ ಅಂಗಡಿಯವನ ಮೂತ್ರದಿಂದ ನೊಬೆಲ್ ತನಕ ನೂರಾ ಇಪ್ಪತ್ತೇಳು ವರ್ಷ! ನನಗ ವೈದ್ಯಶಾಸ್ತ್ರದಾಗ ಭಾಳ ಹಿಡಿಸಿದ ಕತಿ ಇದು, ಅದಕ್ಕ ಉದ್ದ ಹೇಳಿದೆ.

— ಹೇಳ್ರಿ, ಹೇಳ್ರಿ. ಈಗ ವೈನಿಗೆ ಏನೇನ ಟೆಸ್ಟ್ ಆಗಬೇಕು?

— ರಕ್ತ ಮೊದಲ. ಹಿಮೋಗ್ಲೋಬಿನ್ 10ಕ್ಕಿಂತ ಕೆಳಗ ಇಳದದೇನು, ಕ್ಯಾಲ್ಸಿಯಂ 11 ದಾಟೇದೇನು, ಕ್ರಿಯಾಟಿನಿನ್ 2 ದಾಟೇದೇನು. ಕ್ಯಾಲ್ಸಿಯಂ ಯಾಕಂದ್ರ, ಎಲುಬು ಕರಗಿದ್ರ ಅದು ರಕ್ತಕ್ಕ ಬಂದು ಸೇರ್ತದ. ಆಮ್ಯಾಲೆ ರಕ್ತದ ಪ್ರೋಟೀನುಗಳನ್ನ ವಿದ್ಯುತ್ತಿನಿಂದ ಓಡಿಸಿ ಬ್ಯಾರೆ ಬ್ಯಾರೆ ಮಾಡೋ ಪರೀಕ್ಷಾ, ಎಲೆಕ್ಟ್ರೋಫೋರೆಸಿಸ್. ಒಂದ ನಮೂನಿ ಪ್ರತಿಕಾಯ ವಿಪರೀತ ಇದ್ರ ಅಲ್ಲಿ ಚೂಪಾದ ಗೋಪುರ ಏಳ್ತದ. ಬಿಡಿ ಹಗುರ ಸರಪಳಿ ಅಳಿಯೋ ಪರೀಕ್ಷಾನೂ ಬೇಕು. ಮುಂದ ಸೊಂಟದ ಹಿಂದಿನ ಎಲುಬಿಗೆ ಸೂಜಿ ಹಾಕಿ ಮಜ್ಜಿ ತಗೀತಾರ, ಜಾಗಾ ಮರಗಟ್ಟಿಸಿ. ಅದರೊಳಗ ಇಂಥಾ ಕಣ ಇರಲೇಬಾರದು. ಇದ್ದು ನೂರಕ್ಕ ಹತ್ತರ ಒಳಗಿದ್ರ ಒಂಟಿ ಅಂತನ ಕರೀತಾರ, ಆದ್ರ ಅನುಮಾನದಿಂದ ಕರೀತಾರ. ಹತ್ತು ಮುಟ್ಟಿದ್ರ ಒಂಟಿ ಅನ್ನೋ ಮಾತ ಬಿಟ್ಟುಬಿಡು. ಈ ಗೆರಿ ಹಾಕಿದ್ದು ಮಯಲೋಮಾ ತಜ್ಞರ ಅಂತಾರಾಷ್ಟ್ರೀಯ ಗುಂಪು, 2014ರಾಗ. ಕಡೀಕ ಇಡೀ ಮೈಯದು ಪೆಟ್ ಸ್ಕ್ಯಾನ್, ಇಲ್ಲಾ ಎಮ್‌ಆರ್‌ಐ.

— ಸಾದಾ ಎಕ್ಸರೇ ನಡೆಯಂಗಿಲ್ಲೇನ್ರಿ? ಪೆಟ್ ಸ್ಕ್ಯಾನಿಗೆ ರೊಕ್ಕ ಭಾಳ ಅಂತಾರ.

— ಎಲುಬಿನ ಸುಣ್ಣದಂಶ ಮೂರನೇ ಒಂದು ಪಾಲರೆ ಕರಗೋ ತನಕ ಸಾದಾ ಎಕ್ಸರೇದಾಗ ತೂತು ಕಾಣೋದಿಲ್ಲ. ಎಕ್ಸರೇದಾಗ ಒಂಟಿ ಅಂತ ಕಂಡದ್ದು ಬೆನ್ನಿನ ಎಮ್‌ಆರ್‌ಐ ಮಾಡಿದ ಮ್ಯಾಲೆ ಒಂಟಿ ಅಲ್ಲ ಅಂತ ತಿಳಿಯೋದು ಅಪರೂಪ ಏನಲ್ಲ. ಮತ್ತ ಯಾರರೆ ಅಗ್ಗ ಅಂತ ಬೋನ್ ಸ್ಕ್ಯಾನ್ ಬರದುಕೊಟ್ರ ಬ್ಯಾಡ ಅನ್ನು. ಹೊಸಾ ಎಲುಬು ಕಟ್ಟೋ ಜಾಗಾ ತೋರಸೋ ಸ್ಕ್ಯಾನ್ ಅದು. ಈ ರೋಗ ಎಲುಬನ್ನ ತಿಂತದ, ಕಟ್ಟಲಿಕ್ಕೆ ಬಿಡೋದಿಲ್ಲ, ಹಿಂಗಾಗಿ ಅದರಾಗ ತಪ್ಪಿಸಿಕೊಳ್ತದ. ರೊಕ್ಕ ಎಲ್ಲಿ ಉಳಸಬೇಕು, ಎಲ್ಲಿ ಉಳಸಬಾರದು ಅಂತ ಕೇಳಿದ್ರ, ಇಲ್ಲಿ ಉಳಸಬ್ಯಾಡ ಅಂತೀನಿ.

— ಎಲ್ಲಾ ಸ್ವಚ್ಛ ಬಂತು ಅಂತ ತಿಳೀರಿ. ದವಡಿ ತಗೀತಾರೇನು? ನಮ್ಮೂರಾಗ ಒಬ್ಬರದು ಅರ್ಧ ದವಡಿ ತಗದಾರ, ಅವರು ಮಂದಿ ಮುಂದ ಬರೂದ ಬಿಟ್ಟಾರ. ವೈನಿಗೆ ಅದ ಅಂಜಿಕಿ.

— ತಗಿಯೋದಿಲ್ಲ. ಗುಟಕಾ ಕ್ಯಾನ್ಸರಿಗೆ ಕತ್ತಿ ಮೊದಲ, ಇದಕ್ಕ ರೇಡಿಯೇಶನ್ ಮೊದಲ. ಪ್ಲಾಸ್ಮಾ ಕಣ ವಿಕಿರಣಕ್ಕ ಲಗೂನ ಸಾಯ್ತಾವ. ಒಟ್ಟು 40ರಿಂದ 50 ಗ್ರೇ, ದಿನಕ್ಕ ಸುಮಾರು 2 ಗ್ರೇದಂಗ, ವಾರಕ್ಕ ಐದು ದಿನ. ನಾಲ್ಕೈದು ವಾರದ ಕೆಲಸ. ಹಂಗ ಮಾಡಿದಾಗ ನೂರಕ್ಕ ಎಂಬತ್ತು-ತೊಂಬತ್ತು ಮಂದಿಯೊಳಗ ಆ ಜಾಗದ ಗಂಟು ಮತ್ತ ಏಳೋದಿಲ್ಲ. ದವಡಿ ಮುರದಿದ್ರ, ಮುರಿಯೋ ಹಂಗಿದ್ರ ಸರ್ಜನ್ ಪಟ್ಟಿ ಕೂಡಸ್ತಾರ. ಎಲುಬಿನೊಳಗಲ್ದ ವಸಡು, ಅಂಗುಳ, ಮೂಗಿನ ಹಿಂಭಾಗದ ಮೆತ್ತನ್ನ ಮಾಂಸದಾಗ ಹುಟ್ಟೋ ಜಾತಿನೂ ಅದ. ಅಂಥಾವು ಐದರಾಗ ನಾಕು ತಲಿ-ಕುತಿಗಿ ಭಾಗದಾಗನ ಬರ್ತಾವ, ಹೆಚ್ಚಾಗಿ ಮೂಗು, ಸೈನಸ್ಸಿನೊಳಗ. ಅದು ಸಣ್ಣದಿದ್ರ ಕೊಯ್ದು ತಗದು ಬಿಡ್ತಾರ. ಆಕಿದು ಎಲುಬಿಂದು. ಹಿಂದಿನ ದವಡಿ ಯಾಕ ಅಂದ್ರ, ವಯಸ್ಸಾದ ಮ್ಯಾಲೂ ಅಲ್ಲಿ ಅಷ್ಟಿಷ್ಟು ಕೆಂಪು ಮಜ್ಜಿ ಉಳದಿರ್ತದ.

— ಅಬ್ಬಾ. ಇದೊಂದ ಮಾತ ಕೇಳಿದ್ರ ವೈನಿ ಅರ್ಧ ಗುಣಾ ಆಗ್ತಾರ.

— ತಡಿ, ಪೂರ್ತಿ ಕೇಳು. ರೇಡಿಯೇಶನ್ನಿಗೆ ಮೊದಲ ಆಕಿ ಹಲ್ಲೆಲ್ಲಾ ತಪಾಸಣಿ ಆಗಬೇಕು. ಹುಳಕಾಗಿ ಉಳಿಯೋ ಹಂಗಿಲ್ಲದ ಹಲ್ಲು ಆ ಭಾಗದಾಗ ಇದ್ರ ಈಗ ಕೀಳಬೇಕು, ಕಿತ್ತು ಎರಡು ವಾರರೆ ಮಾಯಲಿಕ್ಕೆ ಬಿಡಬೇಕು.

— ಮೊದಲ ಕಿತ್ತಿದ್ದ ತಪ್ಪು ಅಂದ್ರಿ, ಈಗ ನೀವ ಕೀಳ್ರಿ ಅಂತೀರಲ್ರಿ!

— ಆವಾಗ ಏನಂತ ಗೊತ್ತಿಲ್ದ ಕಿತ್ತಿದ್ರು. ಈಗ ಗೊತ್ತಾಗಿ ಕೀಳೋದು. ವಿಕಿರಣ ಬಿದ್ದ ದವಡಿಗೆ ರಕ್ತ ಪೂರೈಕೆ ಕಡಿಮಿ ಆಗ್ತದ, ಅದು ಮತ್ತ ಮೊದಲಿನಂಗ ಆಗೋದಿಲ್ಲ. ಐದು ವರ್ಷದ ಮ್ಯಾಲೆ ಯಾರೋ ಗೊತ್ತಿಲ್ದ ಆ ಜಾಗದ ಹಲ್ಲು ಕಿತ್ರ ಎಲುಬು ಕೊಳೀತದ, ತಿಂಗಳಾನುಗಟ್ಟಲೆ ಹೊರಗ ಹಣಿಕಿ ಹಾಕ್ತದ. ಅದಕ್ಕ ಇನ್ನ ಮುಂದ ಯಾವ ಹಲ್ಲಿನ ಡಾಕ್ಟರ್ ಮುಂದ ಕೂತ್ರೂ, ಬಾಯಿ ತಗಿಯೋಕಿಂತ ಮೊದಲ ಆಕಿ ರೇಡಿಯೇಶನ್ ಆಗೇದ ಅಂತ ಹೇಳಬೇಕು. ಉಗುಳು ಕಡಿಮಿ ಆಗಿ ಹಲ್ಲು ಲಗೂ ಹುಳಕ ಆಗ್ತಾವ, ಫ್ಲೋರೈಡ್ ಹಚ್ಚಸ್ತಿರಬೇಕು. ಮೂರನೇ ವಾರಕ್ಕ ಬಾಯಿ ಹುಣ್ಣಾಗ್ತದ. ಖಾರಬ್ಯಾಳಿ, ಕೆಂಪ ಚಟ್ನಿ, ಕಟಕ ರೊಟ್ಟಿ ಎಲ್ಲಾ ಬಂದ್. ಇಲ್ಲಿ ಮಂದಿ ಪೇಜ್ ಕುಡೀತಾರಲ್ಲ, ಆ ಗಂಜಿ ಚಲೋ. ಮಸರನ್ನ, ರೊಟ್ಟಿ ಹಾಲಾಗ ನೆನಸಿ ಕೊಡ್ರಿ. ಮಿಶ್ರಿ ಮಾತ್ರ ಅವತ್ತಿಂದ ಬಂದ್, ಅದರಾಗ ಮಾತಿಲ್ಲ.

— ಕೀಮೋ ಬ್ಯಾಡೇನ್ರಿ?

— ಒಂಟಿ ಇದ್ರ ಬ್ಯಾಡ. ಕೊಟ್ರ ಹೆಚ್ಚಿನ ಲಾಭ ಅದ ಅಂತ ಖಾತ್ರಿ ಆಗಿಲ್ಲ. ಒಂಟಿ ಅಲ್ಲ ಅಂತ ಬಂದ್ರ ಮಾತ್ರ ಬೋರ್ಟೆಜೋಮಿಬ್, ಲೆನಲಿಡೋಮೈಡ್, ಡೆಕ್ಸಾಮೆಥಾಸೋನ್ ಅಂತ ಔಷಧ ಕೂಡಿಸಿ ಕೊಡ್ತಾರ, ತಡಕೊಳ್ಳೋರಿಗೆ ತಮ್ಮದ ಕಾಂಡಕೋಶ ತಗದು ತಿರುಗಿ ಹಾಕ್ತಾರ. ಅವಾಗೂ ಹಲ್ಲಿನ ಡಾಕ್ಟರ್ ಬೇಕು, ಯಾಕಂದ್ರ ಎಲುಬು ಗಟ್ಟಿ ಇಡ್ಲಿಕ್ಕೆ ಝೋಲೆಡ್ರೋನಿಕ್ ಆಸಿಡ್ ಅಂತ ಇಂಜೆಕ್ಷನ್ ಇರ್ತದ. ಅದನ್ನ ತಗೊಂಡವರ ದವಡಿ, ಹಲ್ಲು ಕಿತ್ತ ಮ್ಯಾಲೆ ಮಾಯದ ಬತ್ತಲಾಗಿ ಉಳೀತದ ಅಂತ 2003ರಾಗ ಅಮೆರಿಕಾದ ದವಡಿ ಸರ್ಜನ್ ರಾಬರ್ಟ್ ಮಾರ್ಕ್ಸ್ ಮೊದಲು ಎಚ್ಚರಿಸಿದ. ಅಲ್ಲಿಂದ ಮುಂದ ಆ ಇಂಜೆಕ್ಷನ್ನಿಗೆ ಮೊದಲ ಬಾಯಿ ತೋರಿಸಿಕೊಂಡು ಬಾ ಅನ್ನೋ ಪದ್ಧತಿ ಬಂತು. ಬರ್ತದ ಅಂತ ಇಲ್ಲ, ಬರಬಹುದು ಅಂತ ಹೇಳಿದೆ. ಅದನ್ನ ಈಗ ತಲಿಯೊಳಗ ಇಟ್ಟುಕೋಬ್ಯಾಡ.

— ಎಲ್ಲಿ ಮಾಡಿಸೂಣ್ರಿ? ಬಾಂಬೋಳಿ ಸಮೀಪ. ಖರ್ಚಿಂದ ಹೆಂಗ?

— ನಿನಗ ಇಲ್ಲಿ ವಾಸದ ದಾಖಲಾ ಅದ, ಆಕಿಗೆ ಇಲ್ಲ. ಗೋವಾದ ದೀನದಯಾಳ ಸ್ವಾಸ್ಥ್ಯ ಸೇವಾ ಕಾರ್ಡಿಗೆ ಐದು ವರ್ಷ ಇಲ್ಲಿ ಇದ್ದಿರಬೇಕು. 2018ರಿಂದ ಹೊರಗಿನವರಿಗೆ ಗೋವಾ ಮೆಡಿಕಲ್ ಕಾಲೇಜಿನಾಗ ಶುಲ್ಕಾನೂ ಹಾಕ್ಯಾರ. 1842ರಿಂದ ನಡದ ವೈದ್ಯಶಾಲಿ ಅದು, ಪೋರ್ತುಗೀಸರ ಕಾಲದ್ದು. ನಮ್ಮ ಉತ್ತರ ಕರ್ನಾಟಕದ ಮಂದಿ, ಕಾರವಾರದ ಮಂದಿ ಎಷ್ಟೋ ವರ್ಷ ಅದನ್ನ ನಂಬಿಕೊಂಡು ಬಂದಾರ. ಶುಲ್ಕ ಹಾಕಿದ್ದು ನನಗ ಸೇರಲಿಲ್ಲ, ಆದ್ರ ಅವರ ಲೆಕ್ಕಾನೂ ಅವರಿಗೆ ಅದ. ಆಕಿ ಹೆಸರು ಊರಿನ ಬಿಪಿಎಲ್ ಕಾರ್ಡಿನ್ಯಾಗ ಇದ್ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಾಗ ಮಾಡಸೋದು ಸಸಾರ. ಚೋರ್ಲಾ ಘಾಟ ಹತ್ತಿದ್ರ ಬೆಳಗಾವಿ, ಅಲ್ಲಿ ಕೆಎಲ್‌ಇ. ಇಲ್ಲಾ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರಿ. ಬೆಂಗಳೂರಿನ ಕಿದ್ವಾಯಿ ದೂರ ಆಗ್ತದ. ಐದು ವಾರ ದಿನಾ ಹೋಗಬೇಕಲ್ಲ, ಯಾರ ಮನ್ಯಾಗ ಇರ್ತಾಳ ಅನ್ನೋದನ್ನ ಮೊದಲ ನೋಡ್ರಿ. ನಡುವ ನಿಲ್ಲಿಸಿದ್ರ ಮಾಡಿದ್ದೂ ದಂಡ. ಪರೀಕ್ಷಾ ಎಲ್ಲೇ ಆಗಲಿ, ಬಾಂಬೋಳಿಯಿಂದ ಸ್ಲೈಡು, ಮೇಣದ ಬ್ಲಾಕು ಕೇಳಿ ತಗೊಂಡು ಹೋಗು. ಬರೇ ಕಾಗದ ಒಯ್ದ್ರ ಅಲ್ಲಿ ಮತ್ತ ದವಡಿ ಕೊಯ್ಯಬೇಕಾಗ್ತದ.

— ರೇಡಿಯೇಶನ್ ಆತು, ಗಂಟು ಹ್ವಾತು. ಅಲ್ಲಿಗೆ ಮುಗೀತಲ್ರಿ?

— ಮುಗಿಯೋದಿಲ್ಲ. ಎಲುಬಿನ ಒಂಟಿ ಗಂಟು ಇದ್ದವರೊಳಗ ಅರ್ಧದಷ್ಟು ಮಂದಿಗೆ, ಹತ್ತು ವರ್ಷದೊಳಗ ಅದು ಮಯಲೋಮಾ ಆಗಿ ತಿರಗ್ತದ. ಮೆತ್ತನ್ನ ಮಾಂಸದ್ದು ಇದ್ರ ಈ ಅಂಜಿಕಿ ಭಾಳ ಕಡಿಮಿ. ಮಜ್ಜಿ ಪೂರ್ತಿ ಸ್ವಚ್ಛ ಇದ್ರ ಮೂರು ವರ್ಷದೊಳಗ ತಿರುಗೋರು ನೂರಕ್ಕ ಹತ್ತು ಮಂದಿ. ಮಜ್ಜಿಯೊಳಗ ಹತ್ತರ ಒಳಗ ಅಂತ ಅನುಮಾನದಿಂದ ಬಿಟ್ಟಿದ್ವಲ್ಲ, ಅಂಥಾವರೊಳಗ ಅರವತ್ತು. ಸೂಜಿ ಹಾಕಿಸ್ಲಿಕ್ಕೆ ಹಟಾ ಹಿಡೀತೀನಿ ಯಾಕ, ತಿಳೀತಲ್ಲ? ಮೊದಲ ಮೂರು-ನಾಕು ತಿಂಗಳಿಗೊಮ್ಮೆ, ಆಮ್ಯಾಲೆ ಅಂತರಾ ಹೆಚ್ಚ ಮಾಡ್ಕೋತ, ರಕ್ತ-ಮೂತ್ರ ತೋರಸ್ತ ಇರಬೇಕು. ಗೋಪುರ ಇದ್ದದ್ದು ರೇಡಿಯೇಶನ್ ಆದ ಮ್ಯಾಲೆ ಸಾವಕಾಶ ಕರಗ್ತದ. ವರ್ಷ ಕಳದ್ರೂ ಕರಗಲಿಲ್ಲಂದ್ರ ಎಲ್ಲೋ ಇನ್ನೊಂದು ಬಿಡಾರ ಅದ ಅಂತ ಅನುಮಾನ ಪಡಬೇಕು. ಲಗೂ ಸಿಕ್ರ ಔಷಧ ಅದಾವ. ಸೊಂಟ ಮುರಕೊಂಡು ಬಂದ ಮ್ಯಾಲೆ ಸಿಕ್ರ ಅವ ಔಷಧ ಅರ್ಧಾ ಕೆಲಸಾ ಮಾಡ್ತಾವ.

— ಒಂದು ಕೇಳ್ತೀನ್ರಿ. ಅಣ್ಣಾ, ಅವ್ವಾ ಎಲ್ಲಾರೂ ಕೂಡಿ ಮಾತಾಡೀವಿ. ವೈನಿಗೆ ಹಲ್ಲಿನ ಸೋಂಕು ಅಂತ ಹೇಳೂದು, ರೇಡಿಯೇಶನ್ನಿಗೆ ಕರೆಂಟ್ ಶಾಕ್ ಅಂತ ಹೇಳೂದು. ಹೆಸರು ಕೇಳಿದ್ರ ಅವರು ಅನ್ನಾ ಬಿಟ್ಟುಬಿಡ್ತಾರ.

— ಅಂದ್ರ ಹತ್ತು ವರ್ಷ ಹಲ್ಲಿನ ಸೋಂಕಿಗೆ ರಕ್ತ ಕೊಡ್ಲಿಕ್ಕೆ ಆಕಿನ್ನ ಹೆಂಗ ಒಯ್ತೀರಿ? ಮೊದಲನೇ ವರ್ಷ ಬರ್ತಾಳ. ಎರಡನೇ ವರ್ಷ ನನಗೇನಾಗೇದ, ನಾ ಆರಾಮ ಇದ್ದೀನಿ ಅಂತಾಳ, ಹೊಲದ ಕೆಲಸ ಅದ ಅಂತಾಳ. ನೀನೂ ಸುಮ್ಮನಾಗ್ತಿ. ಊರಾಗ ಇನ್ನೊಂದು ಹಲ್ಲು ನೂಸಿದ್ರ ನಿಮಗ್ಯಾರಿಗೂ ಹೇಳದ ಹೋಗಿ ಕೀಳಿಸಿಕೊಂಡು ಬರ್ತಾಳ, ರೇಡಿಯೇಶನ್ ಆಗೇದ ಅಂತ ಆ ಡಾಕ್ಟರ್‌ಗೆ ಹೇಳೋರ್ಯಾರು?

— ಹೇಳೂದು ಹೆಂಗ್ರಿ ಮತ್ತ? ನನ್ನ ಬಾಯಿಲೆ ಬರೂದಿಲ್ಲ.

— ನಾಳೆ ಸಂಜೀಕ ಕರಕೊಂಡು ಬಾ. ದವಡಿ ತಗಿಯೋದಿಲ್ಲ ಅನ್ನೋದ್ರಿಂದ ಸುರು ಮಾಡ್ತೀನಿ. ಆಮ್ಯಾಲೆ ಆಕಿ ಎಷ್ಟು ಕೇಳ್ತಾಳೋ ಅಷ್ಟು ಹೇಳ್ತೀನಿ. ನಿಮ್ಮಣ್ಣನೂ ಬರ್ಲಿ. ಆದ್ರ ನಾ ಆಕಿಗೆ ಕೇಳಿದ ಪ್ರಶ್ನಿಗೆ ನೀವಿಬ್ಬರೂ ಉತ್ತರ ಕೊಡಬಾರದು.